ಧೂಮಪಾನ ಇಳಿಸುವ ಗುರಿ ಮುಟ್ಟುವಂಥದ್ದೇ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಸರ್ಕಾರದ ತಂಬಾಕು ಗುರಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಸಮುದಾಯ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: 2025ರೊಳಗೆ ತಂಬಾಕು ಬಳಕೆಯನ್ನು ಶೇ. 30ರಷ್ಟು ಇಳಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದಿದ್ದರು. ನಮ್ಮೂರ ಬಸ್ ನಿಲ್ದಾಣದಲ್ಲಿ ನಿಂತರೆ ಅಂಥದ್ದೇನೂ ಆದಂತೆ ಕಾಣುವುದಿಲ್ಲ. ಇಂಥ ಗುರಿಗಳು ನಿಜಕ್ಕೂ ಮುಟ್ಟುವಂಥವೇ?
— ನಿವೃತ್ತ ಆರೋಗ್ಯ ನಿರೀಕ್ಷಕರು, ಚಿತ್ರದುರ್ಗ

ಉತ್ತರ: ಮೊದಲು ಶೇ. 30 ಎಂದರೆ ಏನೆಂದು ಬಿಡಿಸಿಕೊಳ್ಳೋಣ. ಗೊಂದಲ ಶುರುವಾಗುವುದೇ ಅಲ್ಲಿ. 2009-10ರಲ್ಲಿ ದೇಶಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯನ್ನು ಆರೋಗ್ಯ ಇಲಾಖೆಯವರು ‘ಗ್ಯಾಟ್ಸ್’ ಎನ್ನುತ್ತಾರೆ. ಅದರ ಪ್ರಕಾರ 15 ವರ್ಷ ದಾಟಿದವರಲ್ಲಿ ಶೇ. 34.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಗುರಿಯೆಂದರೆ 34.6ರಲ್ಲಿ 30 ಕಳೆಯುವುದಲ್ಲ. ಆ 34.6ರ ನೂರಕ್ಕೆ ಮೂವತ್ತು ಪಾಲನ್ನು ಕಳೆಯುವುದು. ಹಾಗೆ ಲೆಕ್ಕ ಹಾಕಿದರೆ ಮುಟ್ಟಬೇಕಾದ ಅಂಕಿ ಸುಮಾರು 24.2.

2016-17ರ ಎರಡನೇ ಸಮೀಕ್ಷೆಯ ಹೊತ್ತಿಗೆ ಅದು 28.6ಕ್ಕೆ ಬಂದಿತ್ತು. ಏಳು ವರ್ಷಕ್ಕೆ 6 ಅಂಶ. ಉಳಿದದ್ದು 4.4 ಅಂಶ. ಅದೇ ನಡಿಗೆಯಲ್ಲಿ ಹೋದರೆ ಐದಾರು ವರ್ಷದ ದಾರಿ. ಕೇವಲ ಸೇದುವುದನ್ನಷ್ಟೇ ತೆಗೆದುಕೊಂಡರೆ ಚಿತ್ರ ಇನ್ನೂ ಚೆನ್ನಾಗಿದೆ: ಶೇ. 14ರಿಂದ 10.7ಕ್ಕೆ ಇಳಿದಿತ್ತು, ಶೇ. 30 ಇಳಿಕೆಯ ಗೆರೆ 9.8. ಕರ್ನಾಟಕದಲ್ಲಿ ಒಟ್ಟು ಬಳಕೆ 28.2ರಿಂದ 22.8ಕ್ಕೆ ಬಂದಿತ್ತು. ಹಾಗಾಗಿ ಅಂಕಗಣಿತದ ಮಟ್ಟಿಗೆ ಈ ಗುರಿ ಅತಿಯಾಸೆಯದ್ದಲ್ಲ, ಮುಟ್ಟುವಂಥದ್ದೇ.

ಆದರೆ ಬಸ್ ನಿಲ್ದಾಣದಲ್ಲಿ ನಿಮಗೆ ಕಂಡದ್ದೂ ಸುಳ್ಳಲ್ಲ. ಪ್ರಮಾಣ 6 ಅಂಶ ಇಳಿದ ಅದೇ ಏಳು ವರ್ಷಗಳಲ್ಲಿ ತಂಬಾಕು ಬಳಸುವವರ ತಲೆ ಎಣಿಕೆ 27.49 ಕೋಟಿಯಿಂದ 26.68 ಕೋಟಿಗೆ ಬಂತು. ಕಡಿಮೆಯಾದದ್ದು 81 ಲಕ್ಷ ಮಾತ್ರ. ಜನಸಂಖ್ಯೆ ಬೆಳೆಯುತ್ತಿದ್ದರೆ ಪ್ರಮಾಣ ಎಷ್ಟು ಇಳಿದರೂ ತಲೆಗಳ ಲೆಕ್ಕ ಇಳಿಯುವುದು ನಿಧಾನ. ಕ್ಯಾನ್ಸರ್ ವಾರ್ಡಿನ ಹಾಸಿಗೆ ತುಂಬುವುದು ಶೇಕಡಾವಾರಿನಿಂದಲ್ಲ, ತಲೆಗಳಿಂದ. ಸರ್ಕಾರ ಗುರಿ ಬರೆಯುವಾಗ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಇನ್ನೊಂದು ಸಂಗತಿ. ಇದನ್ನು ಕೆರೆಯ ನೀರಿನಂತೆ ನೋಡಿ. ಪ್ರತಿವರ್ಷ ಹೊಸದಾಗಿ ಚಟ ಹತ್ತುವ ಹುಡುಗರು ಕೆರೆಗೆ ಬಂದು ಸೇರುವ ಹಳ್ಳ. ಬಿಟ್ಟವರು ತೂಬಿನಿಂದ ಹೊರಹೋಗುವ ನೀರು. ನಮ್ಮಲ್ಲಿ ಹಳ್ಳ ನಿಜವಾಗಿಯೂ ಬತ್ತುತ್ತಿದೆ: 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು 2009ರಲ್ಲಿ ಶೇ. 14.6 ಇದ್ದರು, 2019ರಲ್ಲಿ ಶೇ. 8.5. ತೂಬು ಮಾತ್ರ ಹೂಳು ತುಂಬಿ ಕಟ್ಟಿಕೊಂಡಿದೆ. ಎರಡನೇ ಗ್ಯಾಟ್ಸ್‌ನಲ್ಲಿ ಸೇದುವವರ ಪೈಕಿ ಶೇ. 55ರಷ್ಟು ಮಂದಿ ಬಿಡುವ ಯೋಚನೆಯಿದೆ ಎಂದಿದ್ದರು. ಹಿಂದಿನ ಒಂದು ವರ್ಷದಲ್ಲಿ ಬಿಡಲು ನೋಡಿದವರು ಶೇ. 38.5. ಯಾವ ನೆರವೂ ಇಲ್ಲದೆ ಒಬ್ಬರೇ ಬಿಡಹೊರಟವರಲ್ಲಿ ಒಂದು ವರ್ಷ ಸೇದದೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಹಳ್ಳ ಕಟ್ಟಿದರೆ ಅದರ ಫಲ ಕಾಣಲು ಒಂದು ತಲೆಮಾರು ಬೇಕು. ಹತ್ತು ವರ್ಷದೊಳಗೆ ಅಂಕಿ ಇಳಿಯಬೇಕಾದರೆ ಈಗ ಸೇದುತ್ತಿರುವವರೇ ಬಿಡಬೇಕು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಸಲಹೆ ಮತ್ತು ಔಷಧಿ ಸಿಗಬೇಕು.

ಅಂದಹಾಗೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ತೋರಿಸಿ ಗುರಿ ದಾಟಿದೆವು ಎನ್ನುವವರನ್ನು ನಂಬಬೇಡಿ. 2019-21ರ ಆ ಸಮೀಕ್ಷೆಯಲ್ಲಿ ತಂಬಾಕು ಬಳಸುವ ಹೆಂಗಸರು ಶೇ. 8.9, ಎರಡನೇ ಗ್ಯಾಟ್ಸ್‌ನಲ್ಲಿ ಶೇ. 14.2. ನಡುವಿನ ಮೂರ್ನಾಲ್ಕು ವರ್ಷಗಳಲ್ಲಿ ಅಷ್ಟೊಂದು ಹೆಂಗಸರು ಬಿಟ್ಟಿರಲಾರರು. ಸಮೀಕ್ಷೆಯ ಉದ್ದೇಶ ಬೇರೆ, ಕೇಳುವ ರೀತಿ ಬೇರೆ. ಒಂದು ಸೇರಿನಲ್ಲಿ ಅಳೆದದ್ದನ್ನು ಇನ್ನೊಂದು ಸೇರಿನಲ್ಲಿ ಅಳೆದದ್ದಕ್ಕೆ ಹೋಲಿಸಬಾರದು.

ಪ್ರಶ್ನೆ: ಮುಂದುವರಿದ ದೇಶಗಳು ಇಂಥ ಗುರಿ ಮುಟ್ಟಿವೆಯೇ? ನ್ಯೂಜಿಲೆಂಡ್ ಸಿಗರೇಟನ್ನೇ ನಿಲ್ಲಿಸಿತು ಎಂದು ಓದಿದ್ದೆ.
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಲ್ಲಿಸಲು ಹೊರಟಿತ್ತು. 2025ರೊಳಗೆ ಸೇದುವವರನ್ನು ಶೇ. 5ಕ್ಕಿಂತ ಕೆಳಗಿಳಿಸುವ ಗುರಿಯನ್ನು ಆ ದೇಶ ಇಟ್ಟುಕೊಂಡದ್ದು 2011ರಲ್ಲಿ. ಆಗ ದಿನವೂ ಸೇದುವ ವಯಸ್ಕರು ಶೇ. 16ರ ಆಸುಪಾಸಿನಲ್ಲಿದ್ದರು. 2022ರ ಡಿಸೆಂಬರ್‌ನಲ್ಲಿ ಮೂರು ಅಂಶಗಳ ಕಾಯ್ದೆ ಬಂತು: 2009ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಎಂದಿಗೂ ಸಿಗರೇಟು ಮಾರುವಂತಿಲ್ಲ, ಸುಮಾರು 6,000 ಇರುವ ಮಾರಾಟದ ಅಂಗಡಿಗಳು 600ಕ್ಕೆ ಇಳಿಯಬೇಕು, ಸಿಗರೇಟಿನಲ್ಲಿ ಚಟ ಹತ್ತಿಸದಷ್ಟೇ ನಿಕೋಟಿನ್ ಇರಬೇಕು. ಸರ್ಕಾರ ಬದಲಾಯಿತು. 2024ರ ಫೆಬ್ರುವರಿಯಲ್ಲಿ, ಜಾರಿಗೆ ಬರುವ ಮೊದಲೇ, ಕಾಯ್ದೆ ರದ್ದಾಯಿತು. 2022-23ರಲ್ಲಿ 6.8 ಇದ್ದ ಪ್ರಮಾಣ ಮರುವರ್ಷ 6.9. ಇಳಿಕೆ ಅಲ್ಲೇ ನಿಂತಿತು. ಆ ಸರಾಸರಿಯ ಕೆಳಗೆ ಇನ್ನೊಂದು ಲೆಕ್ಕ ಅಡಗಿದೆ: ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಸಮುದಾಯದಲ್ಲಿ ದಿನವೂ ಸೇದುವವರು 2023-24ರಲ್ಲೂ ಶೇ. 14.7. ದೇಶದ ಗುರಿ ತಲುಪಿದರೂ ಅವರು ಹಿಂದೆ ಉಳಿಯುತ್ತಿದ್ದರು.

ಅಮೆರಿಕದ ಕಥೆ ಬೇರೆ. 2010ರೊಳಗೆ ಶೇ. 12 ಎಂದು ಗುರಿ ಇಟ್ಟರು. ಆ ವರ್ಷ ನಿಜದ ಅಂಕಿ 19ಕ್ಕಿಂತ ಮೇಲಿತ್ತು. ಅದೇ 12ನ್ನು 2020ಕ್ಕೆ ಮುಂದೂಡಿದರು, 2020ರಲ್ಲಿ 12.5 ಬಂತು. ಅಂದರೆ ಗುರಿ ತಪ್ಪಿರಲಿಲ್ಲ, ಗಡುವು ತಪ್ಪಿತ್ತು. ತೆರಿಗೆ, ಸಾರ್ವಜನಿಕ ಸ್ಥಳದ ನಿಷೇಧ, ಬಿಡಿಸುವ ಚಿಕಿತ್ಸೆ ಇವು ಮೂರೂ ಒಟ್ಟಿಗೆ ಬಿಗಿಯಾಗಲು ಅಲ್ಲಿ ಇನ್ನೂ ಹತ್ತು ವರ್ಷ ಹಿಡಿಯಿತು.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಹಿಂದಿನ ಓಣಿಯಲ್ಲಿ ಒಂದು ಗೂಡಂಗಡಿ ಇದೆ. ಮಕ್ಕಳಿಗೂ ಬಿಡಿ ಸಿಗರೇಟು ಕೊಡುತ್ತಾರೆ. ದೂರು ಕೊಟ್ಟರೆ ‘ಗೇಟಿನಿಂದ ಅಳೆದರೆ 150 ಮೀಟರ್ ಇದೆ’ ಎನ್ನುತ್ತಾರೆ. ಏನು ಮಾಡಬಹುದು?
— ಶಿಕ್ಷಕಿ, ತಿಪಟೂರು

ಉತ್ತರ: ಮೇಡಂ, ಅಳತೆಯಲ್ಲೇ ತಪ್ಪಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾ, ಹೇಳುವ 100 ಗಜವನ್ನು, ಅಂದರೆ 91 ಮೀಟರ್ ಚಿಲ್ಲರೆಯನ್ನು, ಗೇಟಿನಿಂದ ರಸ್ತೆ ಹಿಡಿದು ಅಳೆಯುವಂತಿಲ್ಲ. ಶಾಲೆಯ ಕಾಂಪೌಂಡ್ ಅಥವಾ ಬೇಲಿಯ ಹೊರ ಅಂಚಿನಿಂದ ಸುತ್ತಲೂ ನೇರ ಗೆರೆಯಲ್ಲಿ ಅಳೆಯಬೇಕು. ಹಿಂದಿನ ಓಣಿಯ ಅಂಗಡಿ ಬಹುಪಾಲು ಈ ವೃತ್ತದೊಳಗೇ ಬೀಳುತ್ತದೆ.

ಹೀಗೆ ಮಾಡಿ. ಟೇಪು ಹಿಡಿದು ಹಿಂಗೋಡೆಯಿಂದ ಅಂಗಡಿಗೆ ನೇರವಾಗಿ ಅಳೆದು, ಒಂದು ಕೈನಕ್ಷೆ ಬರೆದು, ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳ ಮಾರ್ಗಸೂಚಿಯಂತೆ 100 ಗಜದ ಗಡಿಯಲ್ಲಿ ರಸ್ತೆಯ ಮೇಲೆ ಹಳದಿ ಪಟ್ಟಿ ಎಳೆಸಿ. ಪಟ್ಟಿ ಎದುರಿಗಿದ್ದರೆ ಮುಂದೆ ಅಳತೆಯ ತಕರಾರು ಬರುವುದಿಲ್ಲ. ಶಾಲೆಯ ಹೊರಗೋಡೆಯಲ್ಲಿ ಮಾರಾಟ ನಿಷೇಧದ ಫಲಕ ಇರಲೇಬೇಕು. ಫಲಕ ಇಲ್ಲದಿದ್ದರೆ ದಾಳಿಯ ದಿನ ಅಂಗಡಿಯವರು ಮೊದಲು ಎತ್ತುವ ಮಾತೇ ಅದು. ದೂರಿನ ಒಂದು ಪ್ರತಿ ನಗರಸಭೆಗೆ, ಒಂದು ಪೊಲೀಸ್ ಠಾಣೆಗೆ, ಒಂದು ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಹೋಗಲಿ. ಮೂರಕ್ಕೂ ಸ್ವೀಕೃತಿ ತೆಗೆದುಕೊಳ್ಳಿ.

ಕರ್ನಾಟಕದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿರುವುದರಿಂದ ನಿಮ್ಮ ದೂರಿಗೆ ಮೊದಲಿಗಿಂತ ಹೆಚ್ಚು ಬಲವಿದೆ. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ, ಬಿಡಿಯಾಗಿ ಮಾರುವಂತಿಲ್ಲ, 200 ರೂಪಾಯಿಯ ದಂಡ 1,000 ರೂಪಾಯಿ ಆಗಿದೆ. ಇದಲ್ಲದೆ ಮಗುವಿಗೆ ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರಿನಲ್ಲಿ ಈ ಕಲಮನ್ನು ಹೆಸರಿಸಿ ಬರೆಯಿರಿ.

ಕೆಲಸ ಕೆಡುವುದು ಎಲ್ಲಿ ಎಂದರೆ, ಒಂದೇ ದಾಳಿಗೆ ಮುಗಿಸುವುದರಲ್ಲಿ. ಆ ದಿನ ಡಬ್ಬ ಗಲ್ಲಾಪೆಟ್ಟಿಗೆಯ ಕೆಳಗೆ ಹೋಗುತ್ತದೆ, ಮರುದಿನ ಮೇಲೆ ಬರುತ್ತದೆ. ತಿಂಗಳೊಳಗೆ ಹೇಳದೆ ಕೇಳದೆ ಎರಡು ಮೂರು ಭೇಟಿ ಆಗಬೇಕೆಂದು ಪತ್ರದಲ್ಲೇ ಕೋರಿ. ಬಿಡಿ ಮಾರಾಟದ ವಿಷಯದಲ್ಲಿ ಸಡಿಲ ಬಿಡಬೇಡಿ. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ. 85 ಭಾಗದ ಮೇಲೆ ಎಚ್ಚರಿಕೆಯ ಚಿತ್ರ ಬಂದಿದೆ. ಒಂದೇ ಸಿಗರೇಟು ಕೊಳ್ಳುವ ಹುಡುಗನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇಡೀ ಪ್ಯಾಕಿಗೆ ಅವನ ಜೇಬಿನಲ್ಲಿ ದುಡ್ಡಿರುವುದಿಲ್ಲ, ಒಂದಕ್ಕೆ ಇರುತ್ತದೆ.

ಪ್ರಶ್ನೆ: ನಮ್ಮ ಮನೆಯವರಿಗೆ 46 ವರ್ಷ. ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಮೂರು ಸಲ ಬಿಟ್ಟು ಮತ್ತೆ ಹಿಡಿದರು. ಬೀಡಿ ಎಳೆಯದಿದ್ದರೆ ಬೆಳಗ್ಗೆ ಹೊಟ್ಟೆ ಸಾಫಾಗುವುದಿಲ್ಲ ಅಂತಾರೆ. ನಿಕೋಟಿನ್ ಗಮ್ ತಂದುಕೊಟ್ಟೆ, ಬಿಕ್ಕಳಿಕೆ ಬರುತ್ತದೆ ಎಂದು ಎಸೆದರು.
— ಗೃಹಿಣಿ, ಹಾವೇರಿ

ಉತ್ತರ: ಮೂರು ಸಲ ಬಿಟ್ಟಿದ್ದಾರೆ ಅಂದರೆ ಬಿಡಬೇಕೆಂಬ ಮನಸ್ಸಿದೆ. ಶಾಶ್ವತವಾಗಿ ಬಿಟ್ಟವರಲ್ಲಿ ಹೆಚ್ಚಿನವರು ಹೀಗೆ ಹಲವು ಸಲ ಜಾರಿದವರೇ. ಹಂಗಿಸಬೇಡಿ, ಮೂರು ಸಲವೂ ಯಾವ ದಿನ, ಯಾರ ಜೊತೆ, ಏನಾದಾಗ ಮತ್ತೆ ಹಚ್ಚಿದರು ಎಂಬುದನ್ನು ಇಬ್ಬರೂ ಕೂತು ಬರೆದುಕೊಳ್ಳಿ. ಚಹಾ ಅಂಗಡಿಯೋ, ಸಂತೆ ದಿನವೋ, ಸಾಲದ ಚಿಂತೆಯೋ, ಸುಳಿವು ಅಲ್ಲೇ ಇರುತ್ತದೆ.

ಬೀಡಿ ಚಿಕ್ಕದು, ಹಾಗಾಗಿ ಚಟವೂ ಚಿಕ್ಕದು ಎಂದು ಹಲವರು ತಿಳಿದಿದ್ದಾರೆ. ಅದರಲ್ಲಿ ಸಿಗರೇಟಿನ ಸುಮಾರು ಕಾಲು ಭಾಗ ತಂಬಾಕು ಇರುವುದು ನಿಜ. ಆದರೆ ಬೀಡಿ ಎಲೆಯ ಮೂಲಕ ಗಾಳಿ ಆಡುವುದಿಲ್ಲ, ಬೇಗ ಆರುತ್ತದೆ, ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಹಾಗಾಗಿ ಒಳಗೆ ಹೋಗುವ ನಿಕೋಟಿನ್, ಟಾರು ಸಿಗರೇಟಿಗಿಂತ ಕಡಿಮೆಯೇನಲ್ಲ. ಚಟ ಎಷ್ಟು ಬಿಗಿ ಎಂದು ತಿಳಿಯಲು ಬೀಡಿಗಳ ಎಣಿಕೆಗಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗ: ಎದ್ದು ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುತ್ತಾರೆಯೇ? ಹೌದಾದರೆ 4 ಮಿಲಿಗ್ರಾಂ ಗಮ್ ಬೇಕು, ಅದನ್ನು ವೈದ್ಯರ ಚೀಟಿಯ ಮೇಲೆ ತೆಗೆದುಕೊಳ್ಳಿ. ಇಲ್ಲವಾದರೆ 2 ಮಿಲಿಗ್ರಾಂ ಸಾಕು.

ಬಿಕ್ಕಳಿಕೆ ಬಂದದ್ದು ಗಮ್ಮಿನ ದೋಷದಿಂದಲ್ಲ, ಅಗಿದ ರೀತಿಯಿಂದ. ಅದನ್ನು ಬಬಲ್‌ಗಮ್ ಥರ ಒಂದೇ ಸಮ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಔಷಧಿಯೂ ಹತ್ತುವುದಿಲ್ಲ. ಅದು ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಪದರದಿಂದ. ನಿಧಾನವಾಗಿ ಅಗಿಯಬೇಕು, ಖಾರ ಅಥವಾ ಚುರುಚುರು ಅನ್ನಿಸಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಒಂದು ನಿಮಿಷದಲ್ಲಿ ಚುರುಚುರು ಹೋಗುತ್ತದೆ. ಮತ್ತೆ ಎರಡು ಮೂರು ಸಲ ಅಗಿದು ಬಾಯಿಯ ಇನ್ನೊಂದು ಬದಿಗೆ ಇಡಬೇಕು. ಹೀಗೆ ಒಂದು ಗಮ್ ಅರ್ಧ ಗಂಟೆ. ಹಾಕಿಕೊಳ್ಳುವ 15 ನಿಮಿಷ ಮೊದಲಿನಿಂದ ಬಾಯಲ್ಲಿರುವಷ್ಟು ಹೊತ್ತೂ ಕಾಫಿ, ನಿಂಬೆ ಶರಬತ್ತು, ಸೋಡಾ ಕುಡಿಯಬಾರದು. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ಮೊದಲ ಆರು ವಾರ ಒಂದರಿಂದ ಎರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ‘ತೀರಾ ತಡೆಯಲಾಗದಾಗ ಮಾತ್ರ ಒಂದು’ ಎಂದು ದಿನಕ್ಕೆ ಎರಡು ಮೂರರಲ್ಲಿ ನಿಲ್ಲಿಸುವವರೇ ಹೆಚ್ಚಾಗಿ ಸೋಲುತ್ತಾರೆ.

ಹಲ್ಲು ಸರಿಯಿಲ್ಲದವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಇದೆ. ಮಾತ್ರೆಗಳೂ ಇವೆ: ಬುಪ್ರೊಪಿಯಾನ್, ವರೆನಿಕ್ಲಿನ್. ಇವನ್ನು ಬಿಡುವ ದಿನಕ್ಕಿಂತ ಒಂದೆರಡು ವಾರ ಮೊದಲೇ, ವೈದ್ಯರು ಹೇಳಿದಂತೆ ಶುರು ಮಾಡಬೇಕು. ಫಿಟ್ಸ್ ಬಂದಿದ್ದವರಿಗೆ ಬುಪ್ರೊಪಿಯಾನ್ ಕೂಡದು. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ ಗಮ್ ಕೂಡ ವೈದ್ಯರನ್ನು ಕೇಳದೆ ಬೇಡ.

ಹೊಟ್ಟೆಯ ಮಾತು ನೆಪವಲ್ಲ. ನಿಕೋಟಿನ್ ಕರುಳನ್ನು ಕದಲಿಸುತ್ತದೆ. ಬಿಟ್ಟಾಗ ಕೆಲವು ವಾರ ಮಲಬದ್ಧತೆ ಆಗುವುದುಂಟು. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು, ಬಾಳೆಹಣ್ಣು ಅಥವಾ ಪೇರಲ, ಬೇಕಾದರೆ ರಾತ್ರಿ ಇಸಬ್ಗೋಲ್. ಹೊಟ್ಟೆ ತನ್ನ ಹಳೆಯ ವೇಳೆಗೆ ಮರಳುತ್ತದೆ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿಯದು: ಹೊಗೆಯಿಂದಾಗಿ ಲಿವರ್ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಮೇಲೆ ಅದೇ ಎರಡು ಲೋಟ ಕಾಫಿ ಮೊದಲಿಗಿಂತ ಜೋರಾಗಿ ಹತ್ತುತ್ತದೆ. ನಿದ್ದೆ ಬಾರದು, ಎದೆ ಢವಢವ ಎನ್ನುತ್ತದೆ. ಬೀಡಿ ಬಿಟ್ಟಿದ್ದಕ್ಕೇ ಹೀಗಾಯಿತು ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಬಿಟ್ಟ ದಿನದಿಂದಲೇ ಕಾಫಿ, ಚಹಾ ಅರ್ಧಕ್ಕೆ ಇಳಿಸಿ.

ಮೊದಲ ಎರಡು ಮೂರು ದಿನ ಕಠಿಣ. ಸಿಡಿಮಿಡಿ ಮೂರು ನಾಲ್ಕು ವಾರದಲ್ಲಿ ತಗ್ಗುತ್ತದೆ. ಸೇದಬೇಕೆಂಬ ಸೆಳೆತ ಒಂದೊಂದು ಸಲಕ್ಕೆ ಐದು ಹತ್ತು ನಿಮಿಷ, ಅಷ್ಟೇ. ಆ ಹೊತ್ತು ಕೈಗೊಂದು ಕೆಲಸ ಇರಲಿ. ಬೀಡಿಯ ಬದಲಿಗೆ ಗುಟ್ಕಾ, ಕಡ್ಡಿಪುಡಿ ಮಾತ್ರ ಬಾಯಿಗೆ ಬರಬಾರದು. ಚಟ ಹಾಗೇ ಇರುತ್ತದೆ, ಬಾಯಿಯ ಕ್ಯಾನ್ಸರಿನ ಅಪಾಯ ಸೇರಿಕೊಳ್ಳುತ್ತದೆ. ಉಚಿತ ದೂರವಾಣಿ 1800-11-2356ಕ್ಕೆ ಅವರೇ ಕರೆ ಮಾಡಲಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಆ ಸಂಖ್ಯೆ ಅವರ ಕೈಯಲ್ಲಿರುವ ಬೀಡಿ ಕಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ.

ಪ್ರಶ್ನೆ: ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವಳು ನಾನು. ಬೀಡಿಗೆ ತೆರಿಗೆ ಹಾಕಿ ಅಂತ ನೀವೆಲ್ಲ ಹೇಳುತ್ತೀರಿ. ನಮ್ಮ ಗತಿ?
— ಬೀಡಿ ಕಾರ್ಮಿಕರು, ಬಂಟ್ವಾಳ

ಉತ್ತರ: ಅಮ್ಮಾ, ನೀವು ಕೇಳಿದ್ದು ನ್ಯಾಯವೇ. ಈ ದೇಶದಲ್ಲಿ ಸಿಗರೇಟು ಸೇದುವವರು ವಯಸ್ಕರ ಶೇ. 4, ಬೀಡಿ ಸೇದುವವರು ಶೇ. 7.7 ಎಂದು ಎರಡನೇ ಗ್ಯಾಟ್ಸ್ ಹೇಳುತ್ತದೆ. ಹಾಗಿರುವಾಗ ಬೀಡಿಯನ್ನು ಬಿಟ್ಟು ಧೂಮಪಾನ ಇಳಿಸುವ ಗುರಿ ಇಡುವುದಕ್ಕೆ ಅರ್ಥವಿಲ್ಲ. ತಂಬಾಕಿನ ಬೆಲೆಯಲ್ಲಿ ಮುಕ್ಕಾಲು ಪಾಲು ತೆರಿಗೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿಯ ಬೆಲೆಯಲ್ಲಿ ತೆರಿಗೆ ಕಾಲು ಪಾಲಿಗೂ ಕಡಿಮೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ. 40ರ ದರ ತೀರ್ಮಾನಿಸಿದ ಸಭೆಯಲ್ಲೇ ಬೀಡಿಯ ದರವನ್ನು 28ರಿಂದ 18ಕ್ಕೆ, ಬೀಡಿ ಎಲೆಯದನ್ನು 18ರಿಂದ 5ಕ್ಕೆ ಇಳಿಸಿತು. ಸಿಗರೇಟು ದುಬಾರಿಯಾಗಿ ಬೀಡಿ ಅಗ್ಗವಾದರೆ ಸೇದುವವರು ಬಿಡುವುದಿಲ್ಲ, ಬೀಡಿಗೆ ಬರುತ್ತಾರೆ. ಇದು ತಪ್ಪು ಹೆಜ್ಜೆ ಎಂದೇ ನಾವು ನಂಬುತ್ತೇವೆ.

ತೆರಿಗೆ ಇಳಿಸಿದ್ದು ಕಾರ್ಮಿಕರಿಗಾಗಿ ಎನ್ನುವ ಮಾತಿದೆ. ಆದರೆ ನಿಮ್ಮ ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಕನಿಷ್ಠ ವೇತನದ ಆದೇಶದಿಂದ ನಿಗದಿಯಾಗುತ್ತದೆ, ತೆರಿಗೆಯ ದರದಿಂದಲ್ಲ. ತೆರಿಗೆ ಹತ್ತು ಅಂಶ ಇಳಿದದ್ದಕ್ಕೆ ನಿಮ್ಮ ಮಜೂರಿ ತಾನಾಗಿ ಏರುವುದಿಲ್ಲ. ಹಿಂದೆ ಬೀಡಿಯ ಮೇಲಿನ ಸೆಸ್ಸಿನಿಂದ 1976ರ ಕಾಯ್ದೆಯಡಿ ಕಲ್ಯಾಣ ನಿಧಿ ನಡೆಯುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಬೀಡಿಯ ಮೇಲೆ ತೆರಿಗೆ ಏರಿಸಿ, ಏರಿದ ಹಣವನ್ನು ಕಟ್ಟುವವರ ಪಿಂಚಣಿಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ, ಬೇರೆ ಕೆಲಸ ಕಲಿಯುವುದಕ್ಕೆ ಕಾನೂನಿನಲ್ಲೇ ಕಟ್ಟಿಹಾಕಬೇಕು. ಇದಾಗದೆ ಬರಿಯ ತೆರಿಗೆ ಏರಿಸಿದರೆ ಅದರ ಭಾರ ನಿಮ್ಮ ಮೇಲೆ ಬೀಳುತ್ತದೆ ಎಂಬ ನಿಮ್ಮ ಅಂಜಿಕೆಯನ್ನು ನಾವು ಒಪ್ಪುತ್ತೇವೆ. ಸದ್ಯಕ್ಕೆ ನಿಮ್ಮ ಗುರುತಿನ ಚೀಟಿ ಮತ್ತು ಭವಿಷ್ಯನಿಧಿಯ ಖಾತೆಯಲ್ಲಿ ಹೆಸರು, ಹುಟ್ಟಿದ ದಿನಾಂಕ ಆಧಾರಿನಲ್ಲಿ ಇರುವಂತೆಯೇ ಇದೆಯೇ ಎಂದು ನೋಡಿಸಿ. ಹೆಸರಿನ ಒಂದಕ್ಷರದ ವ್ಯತ್ಯಾಸಕ್ಕೆ ಹಣ ತಡೆಯಾಗುವುದುಂಟು. ಕೂತು ಕಟ್ಟುವ ಜಾಗದಲ್ಲಿ ಗಾಳಿ ಆಡಲಿ, ತಂಬಾಕಿನ ಪುಡಿ ಅಡುಗೆಮನೆಗೆ, ತೊಟ್ಟಿಲ ಹತ್ತಿರಕ್ಕೆ ಬರದಿರಲಿ.

ಪ್ರಶ್ನೆ: ಜನ ಸೇದುವುದು ಬಿಟ್ಟರೆ ಪಿರಿಯಾಪಟ್ಟಣ, ಹುಣಸೂರಿನ ನಾವು ಏನು ಬೆಳೆಯಬೇಕು?
— ರೈತರು, ಹುಣಸೂರು ತಾಲ್ಲೂಕು

ಉತ್ತರ: ನಿಮ್ಮ ಭಾಗದಲ್ಲಿ ಬ್ಯಾರನ್‌ನಲ್ಲಿ, ಅಂದರೆ ಎಲೆ ಹದ ಮಾಡುವ ಮನೆಯಲ್ಲಿ, ಒಣಗಿಸುವ ತಂಬಾಕಿನ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ನಮ್ಮ ಜನ ಸೇದುವುದು ಬಿಟ್ಟರೆ ನಿಮ್ಮ ಹರಾಜಿನ ಬೆಲೆ ನಾಳೆಯೇ ಬೀಳುವುದಿಲ್ಲ. ಕೊಳ್ಳುವ ದೇಶಗಳಲ್ಲಿ ಸೇದುವವರು ಕಡಿಮೆಯಾದಾಗ ನಿಧಾನವಾಗಿ ತಟ್ಟುತ್ತದೆ. ನೀವು ತಂಬಾಕು ಬಿಡದಿರುವುದಕ್ಕೆ ಕಾರಣ ಅದರ ಲಾಭವೊಂದೇ ಅಲ್ಲ. ತಂಬಾಕು ಮಂಡಳಿಯ ಹರಾಜು ಕಟ್ಟೆ, ಗೊತ್ತಾದ ದಿನಕ್ಕೆ ಮಾರಾಟ, ಖಾತೆಗೆ ಹಣ, ಬ್ಯಾಂಕಿನ ಸಾಲ, ಇಷ್ಟೂ ಅದರ ಬೆನ್ನಿಗಿವೆ. ಶುಂಠಿಗೆ, ಜೋಳಕ್ಕೆ ಈ ಕಟ್ಟೆ ಇಲ್ಲ. ಪರ್ಯಾಯ ಬೆಳೆಯ ಹೆಸರು ಹೇಳಿ ಕೈತೊಳೆದುಕೊಳ್ಳುವ ಯೋಜನೆಗಳು ಸೋತಿರುವುದು ಇಲ್ಲೇ. ಬೆಳೆಗಿಂತ ಮೊದಲು ಕೊಳ್ಳುವ ವ್ಯವಸ್ಥೆ ಬರಬೇಕು. ಒಮ್ಮೆಗೇ ಪೂರ್ತಿ ಬದಲಿಸಬೇಡಿ. ಬ್ಯಾರನ್ ಸಾಲ ತೀರುವ ತನಕ ಒಂದು ಭಾಗದಲ್ಲಿ ಮಾತ್ರ ಬೇರೆ ಬೆಳೆ ನೋಡಿ.

ಬೆಳೆಯುವವರೆಗೆ ಒಂದು ಎಚ್ಚರಿಕೆ ಇರಲಿ. ಇಬ್ಬನಿ ಅಥವಾ ಮಳೆಯಲ್ಲಿ ನೆಂದ ಹಸಿ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ವಾಂತಿ, ತಲೆಸುತ್ತು, ತಲೆನೋವು ಬರುತ್ತದೆ. ಇದನ್ನು ಬಿಸಿಲಿನ ಸುಸ್ತು ಎಂದುಕೊಳ್ಳುವವರೇ ಹೆಚ್ಚು. ಎಲೆಯ ಮೇಲಿನ ನೀರು ಆರಿದ ಮೇಲೆ ಮುರಿಯಿರಿ. ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು ಇರಲಿ. ಬಟ್ಟೆ ನೆಂದರೆ ಆಗಲೇ ಬದಲಿಸಿ ಸೋಪು ಹಚ್ಚಿ ತೊಳೆದುಕೊಳ್ಳಿ. ಮಕ್ಕಳನ್ನೂ ಬಸುರಿ ಹೆಂಗಸರನ್ನೂ ಈ ಕೆಲಸಕ್ಕೆ ಇಳಿಸಬೇಡಿ.